ಮದ್ದು ಹಾಕಿದ ಕೈ

ವಿದ್ಯಾನಗರ, ಶಿವಮೊಗ್ಗ
9 ಜೂನ್ 2025

ಶೇಷಮ್ಮ ಚಿಕ್ಕಮ್ಮನಿಗೆ ನಮಸ್ಕಾರ.

ನಾನು ವೀಣಾ, ನಿಮ್ಮ ಭಾವ ಲಿಂಗಪ್ಪನವರ ಮಗಳು. ಚೌಡಪ್ಪ ಚಿಕ್ಕಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯವರು ಯಾರೂ ನಿಮ್ಮ ಮುಖ ನೋಡಿಲ್ಲ. ಹಾಗಾಗಿ ಹೆಸರು ಕಂಡ ಕೂಡಲೇ ನೀವು ಕಾಗದ ಹರಿದು ಹಾಕಿದರೂ ತಪ್ಪಿಲ್ಲ. ಹರಿಯುವ ಮುಂಚೆ ಒಂದು ಸಲ ಓದಿಬಿಡಿ.

ವಿಳಾಸ ಕೊಟ್ಟವಳು ತನುಜಾ. ನನ್ನ ಜೊತೆ ಸೊಸೈಟಿಯಲ್ಲಿ ಕೆಲಸ ಮಾಡುತ್ತಾಳೆ, ಅವಳ ತವರು ನಿಮ್ಮ ಬೀದಿಯಲ್ಲೇ. ನಿಮಗೆ ಕಿವಿ ಮುಕ್ಕಾಲು ಹೋಗಿದೆ, ಫೋನ್ ಮಾಡಿ ಪ್ರಯೋಜನವಿಲ್ಲ, ಆದರೆ ಕನ್ನಡಕ ಹಾಕಿ ಕೂತರೆ ಪೇಪರಿನ ಜಾಹೀರಾತನ್ನೂ ಬಿಡುವುದಿಲ್ಲ ಎಂದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಸ್ಟಾಂಪ್ ಅಂಟಿಸುತ್ತಿದ್ದೇನೆ. ಎದುರಿಗೆ ಬಂದು ನಿಲ್ಲಲು ಧೈರ್ಯ ಸಾಲಲಿಲ್ಲ.

ವಿಷಯ ಇಷ್ಟು. ಇಲ್ಲಿ ಡಾಕ್ಟರ್ ಶೀತಲ್ ಎಂಬವರಿದ್ದಾರೆ. ಒಂದೇ ಮನೆತನದಲ್ಲಿ ಮತ್ತೆ ಮತ್ತೆ ಬರುವ ಕ್ಯಾನ್ಸರನ್ನು ನೋಡುವವರು. ಅಜ್ಜ ಉಜ್ಜನಪ್ಪ, ನಮ್ಮಪ್ಪ, ಚೌಡಪ್ಪ ಚಿಕ್ಕಪ್ಪ, ಮೂವರೂ ಐವತ್ತು ದಾಟದೆ ಹೊಟ್ಟೆಯ ಕಾಯಿಲೆಯಲ್ಲೇ ಹೋದರು ಎಂದೆ. ಅವರು ಪೆನ್ನು ಕೆಳಗಿಟ್ಟರು. ಅಜ್ಜಿಯೂ ಇಲ್ಲ, ಅಮ್ಮನೂ ಇಲ್ಲ. ಮೂವರ ಕಾಯಿಲೆಯನ್ನೂ ಹತ್ತಿರದಿಂದ ಕಂಡವರಲ್ಲಿ ಉಳಿದಿರುವುದು ನೀವೊಬ್ಬರೇ. ಅದು ಹೇಗೆ ಶುರುವಾಯಿತು ಎಂದು ಬರೆಯುತ್ತೀರಾ? ಮತ್ತೆ, ನಿಮ್ಮ ಯುವರಾಜನಿಗೆ ಒಂದು ರಕ್ತಪರೀಕ್ಷೆ ಮಾಡಿಸಬೇಕು. ಅವನಿಗೂ ಮೂವತ್ತೆರಡಾಯಿತಲ್ಲ.

ನನಗೇನೂ ಆಗಿಲ್ಲ. ಸುಮ್ಮನೆ ವಿಚಾರಿಸುತ್ತಿದ್ದೇನೆ.

ವೀಣಾ


ಹಳೇನಗರ, ಭದ್ರಾವತಿ
18 ಜೂನ್ 2025

ವೀಣಾ,

ಹರಿಯಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಹೆಸರಿಗೆ ಬಂದದ್ದು ಕರೆಂಟ್ ಬಿಲ್ ಒಂದೇ. ಅದನ್ನೂ ನಾನು ಹರಿಯುವುದಿಲ್ಲ.

ಕೇಳಿದ್ದೀಯ, ಬರೆಯುತ್ತೇನೆ. ಮಲವಗೊಪ್ಪದ ಆ ಮನೆಗೆ ನಾನು ಸೊಸೆಯಾಗಿ ಬಂದ ವರ್ಷವೇ ಮಾವ ಮಲಗಿದರು. ಮೊದಲು ಊಟದಲ್ಲಿ ಕಬ್ಬಿಣದ ರುಚಿ ಎಂದರು. ಬಾಣಲೆ ಬದಲಿಸಿದೆ. ಮಣ್ಣಿನ ಮಡಕೆಯಲ್ಲಿ ಬೇಯಿಸಿದೆ. ಆದರೂ ಕಬ್ಬಿಣ. ಆಮೇಲೆ ಬಾಗಿಲ ಚೌಕಟ್ಟಿಗೆ ಎಡಭುಜ ಕೊಟ್ಟು, ಬಲಗೈಯನ್ನು ಹೊಕ್ಕುಳಿನ ಬಲಕ್ಕೆ ಒತ್ತಿ ಹಿಡಿದು, ಒಂದು ಕಾಲನ್ನು ನೆಲದಿಂದ ಎತ್ತಿ ನಿಲ್ಲತೊಡಗಿದರು. ಹೊರಕಡೆಗೆ ಹೋದರೆ ರಕ್ತ.

ಅತ್ತೆ ಹಾಲಮ್ಮ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ, ಮದ್ದು ತೆಗೆಯುವವಳ ಹತ್ತಿರ ಕರೆದೊಯ್ದರು. ಆಗದವರು ಅನ್ನದಲ್ಲಿ ಕದ್ದು ಬೆರೆಸಿದ ಮದ್ದು ಹೊಟ್ಟೆಯಲ್ಲಿ ಗಂಟಾಗಿ ಕೂತು ವರ್ಷಗಟ್ಟಲೆ ಬೆಳೆಯುತ್ತದೆ ಎನ್ನುತ್ತಾರಲ್ಲ, ಅದನ್ನು ತೆಗೆಯುವವಳು. ಅವಳು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದಳು. ಅದರಲ್ಲಿ ಕೂದಲು ಹುಟ್ಟಿದ ಒಂದು ಕಪ್ಪು ಗಂಟು ಇತ್ತು. ನಾನೂ ನೋಡಿದೆ. "ಬಡಿಸಿದ ಕೈ ಯಾವ್ದು?" ಎಂದು ಕೇಳಿದಳು. ಅಲ್ಲಿದ್ದವರೆಲ್ಲ ನನ್ನ ಕೈ ನೋಡಿದರು.

ನಿಮ್ಮಪ್ಪ ಒಬ್ಬರೇ ನಕ್ಕವರು. ಹಬ್ಬಕ್ಕೆ ಬಂದಾಗಲೆಲ್ಲ ಹಟಕ್ಕೆ ಬಿದ್ದು ನನ್ನ ಕೈಯಲ್ಲೇ ಬಡಿಸಿಕೊಳ್ಳುತ್ತಿದ್ದರು. "ಇನ್ನೊಂದು ಸೌಟು ಹಾಕಮ್ಮ, ಸಾಯ್ತೀನಾ ನೋಡೇಬಿಡಣ" ಎನ್ನುತ್ತಿದ್ದರು. ಕೆಲವು ವರ್ಷ ಕಳೆದು ಅವರೂ ಕಬ್ಬಿಣ ಎಂದರು. ಅವರಾದ ಮೇಲೆ ನನ್ನ ಗಂಡ.

ಅಷ್ಟು ಹೊತ್ತಿಗೆ ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಗಂಡನನ್ನು ಮಣ್ಣು ಮಾಡಿದ ದಿನದಿಂದ ಯುವರಾಜನಿಗೆ ನಾನು ಒಂದು ತುತ್ತು ಬಡಿಸಿಲ್ಲ. ಹನ್ನೆರಡರ ಹುಡುಗ, ತಟ್ಟೆ ಹಿಡಿದುಕೊಂಡು ಅಳುತ್ತಿದ್ದ. ಕಾರಣ ಹೇಳಲಿಲ್ಲ. ಆ ಮನೆಯವರು ಹೊರಗೆ ಹಾಕಿದ ಮೇಲೆ ಇಲ್ಲಿಗೆ ಬಂದು, ಅವನನ್ನು ಸೆಲ್ವಿಯ ಮೆಸ್ಸಿಗೆ ಹಾಕಿದೆ. ಇವತ್ತಿಗೂ ಅಲ್ಲೇ ಪರೋಟ, ಕಬಾಬ್ ತಿನ್ನುತ್ತಾನೆ, ಟೈರ್ ಅಂಗಡಿಗೆ ಹೋಗುತ್ತಾನೆ. ಗುಂಡುಕಲ್ಲಿನ ಹಾಗಿದ್ದಾನೆ. ನನ್ನ ಕೈಯ ಅನ್ನ ಉಣ್ಣದವನಿಗೆ ಯಾವ ಪರೀಕ್ಷೆಯೂ ಬೇಡ.

ನನಗೊಬ್ಬಳಿಗೆ ಬೇಯಿಸಿಕೊಳ್ಳುತ್ತೇನೆ. ಮುಚ್ಚಿಟ್ಟ ಸಾರು ಸಂಜೆಗೆ ಇಳಿದಿರುತ್ತದೆ. ಮುಚ್ಚಳ ಇಟ್ಟ ಹಾಗೇ ಇರುತ್ತದೆ. ಬೆಕ್ಕಾದರೆ ಚೆಲ್ಲುತ್ತಿತ್ತು. ಮೂವರಲ್ಲಿ ಯಾರು ಬಂದು ಉಣ್ಣುತ್ತಾರೋ ತಿಳಿಯದು. ಈಗ ಹೆದರಿಕೆಯೂ ಆಗುವುದಿಲ್ಲ, ಸ್ವಲ್ಪ ಜಾಸ್ತಿಯೇ ಮಾಡಿಡುತ್ತೇನೆ.

ಶೇಷಮ್ಮ


ವಿದ್ಯಾನಗರ
24 ಜೂನ್ 2025

ಚಿಕ್ಕಮ್ಮ,

ನಿಮ್ಮ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು, ಕೊನೆಗೆ ಕುಣಿಯುವಷ್ಟು ಖುಷಿಯಾಯಿತು. ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ! ಡಾಕ್ಟರ್‌ಗೆ ಪೂರ್ತಿ ಓದಿ ಹೇಳಿದೆ. ಇದು ಮದ್ದಲ್ಲ, ದೊಡ್ಡ ಕರುಳಿನ ಕ್ಯಾನ್ಸರ್, ನಮ್ಮ ರಕ್ತದಲ್ಲೇ ಇಳಿದು ಬಂದದ್ದು ಎಂದರು. ಮೈಯ ಜೀವಕೋಶ ಒಂದು ಎರಡಾಗುವಾಗ ತನ್ನೊಳಗಿನ ಬರಹವನ್ನು ನಕಲು ಮಾಡಿಕೊಳ್ಳುತ್ತದಂತೆ. ನಕಲಿನಲ್ಲಿ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪು ತಿದ್ದಲೆಂದೇ ಕೆಲವು ಜೀನ್‌ಗಳಿವೆ. ನಮ್ಮ ಮನೆಯವರಲ್ಲಿ ಅಂಥದ್ದೊಂದು ಹುಟ್ಟುವಾಗಲೇ ಕೆಟ್ಟಿರುತ್ತದೆ. ತಪ್ಪಿನ ಮೇಲೆ ತಪ್ಪು ಸೇರಿ ಕರುಳಿನಲ್ಲಿ ಗಂಟು ಬೆಳೆಯುತ್ತದೆ. ಒಳಗೊಳಗೇ ರಕ್ತ ಹೋಗಿ ಮೈಯಲ್ಲಿ ರಕ್ತ ಕಡಿಮೆಯಾದವರಿಗೆ ನಾಲಿಗೆಯ ರುಚಿಯೂ ಕೆಡಬಹುದಂತೆ. ನಿಮ್ಮ ಬಾಣಲೆಯ ತಪ್ಪಲ್ಲ.

ಊಟಕ್ಕೂ ಇದರಲ್ಲಿ ಪಾಲಿದೆ, ಆದರೆ ನಾವು ಅಂದುಕೊಂಡ ಹಾಗಲ್ಲ. ದಿನಾ ಕುರಿ ಮಾಂಸ, ಸುಟ್ಟು ಕರಿಕಾದ ಮಾಂಸ, ಹೆಂಡ, ಬೊಜ್ಜು ಇವು ಅಪಾಯ ಹೆಚ್ಚಿಸಬಹುದು. ಸೊಪ್ಪು, ಕಾಳು, ರಾಗಿ ಒಳ್ಳೆಯದು. ಆದರೆ ಎಂಥ ಊಟವೂ ಹುಟ್ಟಿನಿಂದ ಬಂದ ದೋಷವನ್ನು ಅಳಿಸುವುದಿಲ್ಲ.

ಆ ಕಪ್ಪು ಗಂಟನ್ನು ಮದ್ದು ತೆಗೆದವಳೇ ಕೈಚಳಕದಿಂದ ಹಾಕಿರಬೇಕು ಎಂದೆ. ಡಾಕ್ಟರ್ ಮಾತ್ರ, ಅದು ನನಗೆ ಗೊತ್ತಿಲ್ಲ ಎಂದರು.

ತಂದೆಯಲ್ಲೋ ತಾಯಿಯಲ್ಲೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೇ ಯುವರಾಜನ ಪರೀಕ್ಷೆ ಬೇಗ ಆಗಬೇಕು. ಇದ್ದರೂ ಹೆದರಬೇಕಿಲ್ಲ, ಕ್ಯಾಮೆರಾದ ಕೊಳವೆ ಹಾಕಿ ಆಗಾಗ ನೋಡಿ, ಗಂಟು ಸಣ್ಣದಿರುವಾಗಲೇ ತೆಗೆಯುತ್ತಾರೆ. ನಿಮ್ಮ ಮೇಲಿನ ಕಳಂಕ ತೊಳೆದು ಹೋಯಿತು ಚಿಕ್ಕಮ್ಮ. ಇನ್ನಾದರೂ ನೆಮ್ಮದಿಯಾಗಿರಿ.

ವೀಣಾ


ಹಳೇನಗರ
22 ಜುಲೈ 2025

ವೀಣಾ,

ತಿಂಗಳು ತಡವಾಯಿತು. ಬರೆಯಬಾರದು ಎಂದೇ ಇದ್ದೆ.

ನಿನ್ನ ಡಾಕ್ಟರ್‌ಗೆ ಹೇಳು, ರಕ್ತವೂ ಇಲ್ಲ, ಜೀನೂ ಇಲ್ಲ. ಮದ್ದು ಹಾಕಿದವಳು ನಾನೇ. ಮಾವನಿಗೆ ಹಾಕಿದೆ, ನನ್ನನ್ನು ನೋಡಿದ ದಿನವೇ ಕರಿಮೂತಿ ಎಂದಿದ್ದರು. ನಿಮ್ಮಪ್ಪನಿಗೆ ಹಾಕಿದೆ, ಅವರು ಕೇಳಿ ಕೇಳಿ ಬಡಿಸಿಕೊಂಡರು. ಗಂಡನಿಗೆ ಯಾಕೆ ಹಾಕಿದೆ ಎಂದು ಮಾತ್ರ ಕೇಳಬೇಡ. ಏನು ಹಾಕಿದೆ, ಎಲ್ಲಿಂದ ತಂದೆ ಎಂದೂ ಬರೆಯುವುದಿಲ್ಲ. ಉಪ್ಪಿನ ಮರಿಗೆಯ ಪಕ್ಕದಲ್ಲೇ ಇಟ್ಟಿದ್ದೆ, ಅತ್ತೆ ದಿನಾ ಅದನ್ನು ಸರಿಸಿ ಉಪ್ಪು ತೆಗೆದುಕೊಳ್ಳುತ್ತಿದ್ದರು.

ಸಾಕಲ್ಲ? ಪೊಲೀಸರಿಗೆ ಕೊಡಬೇಕೆಂದರೆ ಈ ಕಾಗದವನ್ನೇ ಕೊಡು. ನನ್ನ ಮಗನಿಗೆ ನಾನು ಹಾಕಿಲ್ಲ, ಹಾಗಾಗಿ ಅವನಿಗೆ ಏನೂ ಆಗುವುದಿಲ್ಲ. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿದ್ದಾನೆ, ಅದು ಬಿಸಿಲಲ್ಲಿ ದುಡಿದು ಇಳಿದದ್ದು ಅಷ್ಟೇ. ಅವನ ತಂಟೆಗೆ ಬರಬೇಡ.

ಶೇಷಮ್ಮ


ವಿದ್ಯಾನಗರ
26 ಜುಲೈ 2025

ಚಿಕ್ಕಮ್ಮ,

ನಿಮ್ಮ ಕಾಗದವನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಓದಿದೆ. ಸುಳ್ಳು ಹೇಳುವುದಿಲ್ಲ, ನಂಬಿಬಿಟ್ಟೆ. ಉಪ್ಪಿನ ಮರಿಗೆಯ ಸಾಲನ್ನು ಎರಡು ಸಲ ಓದಿದೆ. ಚಿಕ್ಕಂದಿನಲ್ಲಿ ಅಮ್ಮ ಹೇಳುತ್ತಿದ್ದದ್ದೆಲ್ಲ ನೆನಪಾಗಿ, ಕಾಗದ ಹಿಡಿದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಎಷ್ಟು ನಾಚಿಕೆಯಾಗುತ್ತಿದೆ ಗೊತ್ತಾ.

ಆಮೇಲೆ ನನ್ನ ಹೆಸರು ಕೂಗಿದರು, ಒಳಗೆ ಹೋಗಿ ಮಲಗಿದೆ. ಹೌದು, ಪರೀಕ್ಷೆ ನನ್ನದೇ. ನನಗೇನೂ ಆಗಿಲ್ಲ ಎಂದು ಬರೆದದ್ದು ಸುಳ್ಳು. ಮಾರ್ಚ್‌ನಲ್ಲಿ ನನಗೆ ಆಪರೇಷನ್ ಆಗಿದೆ. ಅದೇ ಗಂಟು, ಅದೇ ಜಾಗ, ರಕ್ತದಲ್ಲಿ ಅದೇ ಕೆಟ್ಟ ಜೀನ್. ನಮ್ಮತ್ತೆ, ಮಾವನಿಗೆ ಅಪೆಂಡಿಕ್ಸ್ ಎಂದು ಹೇಳಿದ್ದೇವೆ. ಮಗಳು ಸುಶ್ಮಿತಾಗೂ ಅಷ್ಟೇ ಗೊತ್ತು.

ಈಗ ನೀವೇ ಯೋಚಿಸಿ. ಅಜ್ಜ ಮಲಗಿದ ವರ್ಷ ನಾವು ದಾವಣಗೆರೆಯಲ್ಲಿದ್ದೆವು. ನಿಮ್ಮ ಮೇಲೆ ಮಾತು ಬಂದ ಮೇಲೆ ಮಲವಗೊಪ್ಪಕ್ಕೆ ಬಂದಾಗಲೆಲ್ಲ ಅಮ್ಮ ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು. ನಿಮ್ಮ ಕೈಯ ನೀರನ್ನೂ ಕುಡಿದವಳಲ್ಲ ನಾನು. ಹಾಗಿದ್ದರೆ ನನಗೆ ಮದ್ದು ಹಾಕಿದವರು ಯಾರು?

ಇನ್ನೊಂದು ಮಾತು. ಆಷಾಢ ಇಡೀ ಬಿಡದೆ ಮಳೆ ಸುರಿದಿದೆ. ಯುವರಾಜ ಯಾವ ಬಿಸಿಲಿಗೆ ಇಳಿದುಹೋದ ಚಿಕ್ಕಮ್ಮ?

ವೀಣಾ


ಹಳೇನಗರ
12 ಆಗಸ್ಟ್ 2025

ವೀಣಾ,

ನೀನು ಜಾಣೆ. ಆದರೆ ಒಂದು ನಿನಗೆ ಹೊಳೆಯಲಿಲ್ಲ. ಮದ್ದು ನನ್ನ ಕೈಯಲ್ಲಿದ್ದರೆ, ಅದನ್ನು ಉಣ್ಣದ ನನ್ನ ಮಗ ಉಳಿದ. ನಿಮ್ಮ ರಕ್ತದಲ್ಲಿದ್ದರೆ ನಾನು ಉಳಿದೆ, ಅವನು ಸಿಕ್ಕಿಬಿದ್ದ. ನೀನು ಕುಣಿಯುತ್ತಾ ಬಂದು ಕಳಂಕ ತೊಳೆದೆ ಎಂದೆ. ನಾನು ತೊಳೆ ಎಂದು ಕೇಳಿರಲಿಲ್ಲ ಮಾರಾಯ್ತಿ. ಕೊಲೆಗಾತಿ ಎನಿಸಿಕೊಂಡೇ ಸಾಯುತ್ತೇನೆ, ಅವನೊಬ್ಬ ಇರಲಿ ಎಂದು ಹಾಗೆ ಬರೆದೆ. ಬರೆಯುತ್ತಾ ಹೋದ ಹಾಗೆ ನನಗೇ ನಿಜ ಅನ್ನಿಸಿತು. ಆ ಉಪ್ಪಿನ ಮರಿಗೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಮೊನ್ನೆ ಮಧ್ಯಾಹ್ನ ಸಾರು ಮುಚ್ಚಿಟ್ಟು ಬಟ್ಟೆ ಒಗೆಯಲು ಹಿಂದಕ್ಕೆ ಹೋದೆ. ಸೋಪು ಮರೆತಿದ್ದೆ, ತಿರುಗಿ ಬಂದೆ. ಅಡುಗೆಮನೆಯ ಬಾಗಿಲಲ್ಲಿ ಮಾವ ನಿಂತಿದ್ದರು. ಚೌಕಟ್ಟಿಗೆ ಎಡಭುಜ, ಹೊಟ್ಟೆಗೆ ಬಲಗೈ, ನೆಲ ಮುಟ್ಟದ ಒಂದು ಕಾಲು. ಬೆನ್ನು ನನ್ನ ಕಡೆಗಿತ್ತು. ನನಗೆ ಭಯಕ್ಕಿಂತ ದುಃಖವೇ ಬಂತು. "ಉಂಡ್ಕೊಂಡು ಹೋಗಿ ಮಾವ" ಎಂದುಬಿಟ್ಟೆ.

ತಿರುಗಿದವನು ಯುವರಾಜ. ಎಡಗೈಯಲ್ಲಿ ನನ್ನ ಸಾರಿನ ಲೋಟ.

ಎಷ್ಟು ದಿನದಿಂದ ಎಂದು ಕೇಳಿದೆ. ಕಿವಿಗೆ ಬಾಯಿಟ್ಟು ಕೂಗಿದ. "ಚಿಕ್ಕೋನಿದ್ದಾಗ್ಲಿಂದ ಕಣಮ್ಮ. ನಿಂಗೆ ಮುಚ್ಚಳದ ಸದ್ದು ಕೇಳ್ಸಲ್ಲ. ಬರೀ ಮೆಸ್ ಊಟ ತಿಂದು ಬದುಕೋಕಾಗುತ್ತಾ?" ಎಂದ. ನಗುತ್ತಿದ್ದ, ನಾನೂ ನಗಬೇಕು ಎಂದುಕೊಂಡಿದ್ದ. ಆಮೇಲೆ ಲೋಟ ನೋಡಿ ಮುಖ ಹಿಂಡಿದ. "ಈಗೀಗ ಯಾಕೋ ಕಬ್ಬಿಣ ಕಬ್ಬಿಣ ಅನ್ಸುತ್ತಮ್ಮ." ಆ ಮಾತನ್ನು ಅವನಿಗೆ ಯಾರೂ ಹೇಳಿಲ್ಲ. ಆ ನಿಲುವು ಅವನು ಹುಟ್ಟುವ ಮುಂಚೆಯೇ ಮಣ್ಣಾಯಿತು.

ಈಗ ನನ್ನ ಕೈಯಾದರೂ ಒಂದೇ, ನಿಮ್ಮ ರಕ್ತವಾದರೂ ಒಂದೇ. ಎರಡೂ ಅವನೊಳಗಿವೆ. ಕರೆದುಕೊಂಡು ಬರುತ್ತೇನೆ, ಯಾವತ್ತು ಬರಬೇಕು ಬರಿ. ಸುಟ್ಟ ಮಾಂಸ ಎಂದಿದ್ದೆಯಲ್ಲ, ಅವನನ್ನು ಆ ಮೆಸ್ಸಿಗೆ ದೂಡಿದವಳು ನಾನು. ಅದರಿಂದ ಕೆಟ್ಟದಾಯಿತಾ? ಮುಚ್ಚಿಡದೆ ಹೇಳು.

ಶೇಷಮ್ಮ


ವಿದ್ಯಾನಗರ
14 ಆಗಸ್ಟ್ 2025

ಚಿಕ್ಕಮ್ಮ,

ತನುಜಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಬರುವ ಬುಧವಾರ ಬೆಳಿಗ್ಗೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಹಸಿರು ಛತ್ರಿ ಹಿಡಿದ ದಪ್ಪ ಹೆಂಗಸನ್ನು ಹುಡುಕಿ.

ರಕ್ತದ ಜೊತೆ ಕೊಳವೆಯ ಪರೀಕ್ಷೆಯೂ ಇದೆ, ಅದಕ್ಕೆ ಕರುಳು ಖಾಲಿಯಾಗಿರಬೇಕು. ಮಂಗಳವಾರ ಅವನಿಗೆ ಮುದ್ದೆ, ಸೊಪ್ಪು, ಕಾಳು ಯಾವುದೂ ಬೇಡ. ಸೋಸಿದ ಅಕ್ಕಿಗಂಜಿಯ ತಿಳಿ, ಎಳನೀರು, ಸಕ್ಕರೆ ನೀರು ಇಷ್ಟೇ. ಮೆಸ್ಸಿನಲ್ಲಿ ಇದನ್ನು ಮಾಡಿಕೊಡುವುದಿಲ್ಲ. ನೀವೇ ಮಾಡಿ, ನೀವೇ ಕುಡಿಸಬೇಕು.

ಮೆಸ್ಸಿನ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಯೋಚನೆ ಬಿಟ್ಟುಬಿಡಿ.

ವೀಣಾ


ಹಳೇನಗರ
21 ಸೆಪ್ಟೆಂಬರ್ 2025

ವೀಣಾ,

ಕೊಳವೆಯಲ್ಲಿ ಕಂಡ ಗಂಟನ್ನು ತೆಗೆಸಿ ನಿನ್ನೆ ಯುವರಾಜನನ್ನು ಮನೆಗೆ ಕರೆದುಕೊಂಡು ಬಂದೆ. ಆಪರೇಷನ್ ದಿನ ನೀನು ನನ್ನ ಜೊತೆ ಬೆಂಚಿನ ಮೇಲೆ ಕೂತದ್ದನ್ನು ಮರೆಯುವುದಿಲ್ಲ. ಮಾತಾಡಿದ್ದರೂ ನನಗೆ ಕೇಳುತ್ತಿರಲಿಲ್ಲ.

ನೀನು ಕ್ಯಾಂಟೀನಿಗೆ ಹೋದಾಗ ಸರ್ಜನ್ ಹೊರಗೆ ಬಂದು, ತೆಗೆದದ್ದನ್ನು ಒಂದು ಡಬ್ಬಿಯಲ್ಲಿ ತೋರಿಸಿದರು. ಕರುಳಿನ ಗೋಡೆ ದಾಟಿಲ್ಲ, ಈಗಲೇ ಸಿಕ್ಕಿದ್ದು ಒಳ್ಳೆಯದಾಯಿತು ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಅವತ್ತು ಸೊಪ್ಪಿನ ರಸದಲ್ಲಿ ಬಂದದ್ದೂ ಇಷ್ಟೇ ಇತ್ತು. ಕೂದಲು ಮಾತ್ರ ಇದಕ್ಕಿರಲಿಲ್ಲ.

ರಕ್ತದ ವರದಿಯೂ ಬಂತು, ನಿನ್ನದೇ ಜೀನ್. ಡಾಕ್ಟರ್ ಶೀತಲ್ ಹತ್ತಿರ ಮೆಸ್ಸಿನ ವಿಷಯ ನಾನೇ ಕೇಳಿದೆ. ಅದರಿಂದ ಹುಟ್ಟಿದ್ದಲ್ಲ, ಇದ್ದ ಕಿಡಿಗೆ ಸ್ವಲ್ಪ ಗಾಳಿ ಊದಿರಬಹುದು, ಎಷ್ಟು ಎಂದು ಯಾರೂ ಹೇಳಲಾರರು ಎಂದು ಬರೆದರು. ನೀನು ಸಂಬಂಧವೇ ಇಲ್ಲ ಎಂದಿದ್ದೆ. ನನ್ನ ಮೇಲಿನ ಪ್ರೀತಿಗೆ ಹೇಳಿದೆ ಎಂದು ಗೊತ್ತು. ಆದರೂ ಇನ್ನು ಮೇಲೆ ಹಾಗೆ ಮಾಡಬೇಡ.

ಗಂಜಿ ಕುಡಿಸಿದ ಸುದ್ದಿ ನೀನು ಕೇಳಿದ್ದೆಯಲ್ಲ. ಲೋಟ ಅವನ ಬಾಯಿಯ ಹತ್ತಿರ ಹಿಡಿದು ಬಹಳ ಹೊತ್ತು ಹಾಗೇ ಕೂತಿದ್ದೆ. ಅವನೇ ನನ್ನ ಕೈ ಹಿಡಿದು ಬಗ್ಗಿಸಿಕೊಂಡು ಕುಡಿದ.

ಶೇಷಮ್ಮ


ವಿದ್ಯಾನಗರ
21 ಅಕ್ಟೋಬರ್ 2025

ಚಿಕ್ಕಮ್ಮ,

ದೀಪಾವಳಿಗೆ ಸುಶ್ಮಿತಾ ಹಾಸ್ಟೆಲಿನಿಂದ ಬಂದಿದ್ದಾಳೆ. ಹತ್ತೊಂಬತ್ತಾಯಿತು. ಅವಳಿಗೆ ಇನ್ನೂ ಹೇಳಿಲ್ಲ. ಹೇಳದೆ ಬರೀ ಅಡುಗೆ ಬದಲಿಸಿದ್ದೇನೆ. ಸೊಪ್ಪು, ಕಾಳು, ಕೆಂಪಕ್ಕಿ. "ಏನಮ್ಮಾ ಇದು, ಹಬ್ಬದಲ್ಲೂ ಪೇಷಂಟ್ ಊಟ" ಎಂದು ನಗುತ್ತಾಳೆ. ನಾನೂ ನಗುತ್ತೇನೆ.

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ಬಾಗಿಲ ಚೌಕಟ್ಟಿಗೆ ಎಡಭುಜ ಕೊಟ್ಟು ನಿಂತಿದ್ದಳು. ಬಲಗೈ ಹೊಟ್ಟೆಯ ಮೇಲೆ. ಒಂದು ಕಾಲು ನೆಲದಿಂದ ಎದ್ದಿತ್ತು. "ಹಸಿವಾಗ್ತಿದೆ, ಬೇಗ ಹಾಕು" ಎಂದಳು. ಹಸಿವೇ ಇರಬಹುದು. ಎಲ್ಲರೂ ಹಾಗೆ ನಿಲ್ಲುತ್ತಾರೆ ಅಲ್ಲವಾ? ದೋಸೆಯನ್ನು ತಟ್ಟೆಗೆ ಹಾಕಲು ನನ್ನ ಕೈ ಏಳಲಿಲ್ಲ. ಕಾವಲಿಯ ಮೇಲೆ ಅದು ಸೀದು ಹೋಯಿತು.

ನೀವು ಕೊಡದೇ ಇದ್ದದ್ದನ್ನು ಕೊಟ್ಟಿರಿ ಎಂದು ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದರು. ಅವಳಿಗೆ ಕೊಟ್ಟಿದ್ದರೆ ಕೊಟ್ಟವಳು ನಾನು. ನನ್ನನ್ನು ಯಾರೂ ಏನೂ ಅನ್ನುವುದಿಲ್ಲ, ಹಬ್ಬಕ್ಕೆ ಸೀರೆ ಉಡಿಸುತ್ತಾರೆ. ಆ ಮದ್ದು ಹಾಕಿದ ಕೈ ನನ್ನದೇ ಚಿಕ್ಕಮ್ಮ. ನಾಳೆ ಅವಳಿಗೆ ಹೇಗೆ ಬಡಿಸಲಿ?

ತನುಜಾ ಇವತ್ತು ತವರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಉತ್ತರ ಕಳಿಸಿ.

ವೀಣಾ


ಹಳೇನಗರ
22 ಅಕ್ಟೋಬರ್ 2025

ವೀಣಾ,

ತನುಜಾ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ. ಎಂಥ ಅಳುಬುರುಕಿ ನೀನು. ಕೈ, ಕೈ ಎಂದು ಕೂತರೆ ನನ್ನ ಹಾಗೇ ಆಗುತ್ತೀಯ, ನೋಡಿಕೋ.

ನೀನು ಏನನ್ನೂ ಹಾಕಿಲ್ಲ. ನಿನ್ನ ಮೂಗು ಅವಳಿಗೆ ಹೋದ ಹಾಗೆ ಆ ಜೀನೂ ಹೋಗಿರಬಹುದು, ಹೋಗದೆಯೂ ಇರಬಹುದು. ನಾನು ಕೂಡ ಏನನ್ನೂ ಹಾಕಿರಲಿಲ್ಲ. ಆದರೆ ನನ್ನ ಕಳಂಕ ತೊಳೆದು ಹೋಯಿತು ಎಂದು ನೀನು ಬರೆದೆಯಲ್ಲ, ಅದು ಪೂರ್ತಿ ನಿಜವಲ್ಲ. ನನ್ನ ಹುಡುಗ ತಟ್ಟೆ ಹಿಡಿದು ನಿಂತಾಗ ನಾನು ಬಾಯಿ ಬಿಡಲಿಲ್ಲ. ಅಮ್ಮನಿಗೆ ತಾನು ಬೇಡ ಎಂದುಕೊಂಡೇ ಬೆಳೆದನಂತೆ. ಮೊನ್ನೆ ಡಾಕ್ಟರ್‌ಗೆ ತೋರಿಸಿಕೊಂಡು ಬರುವಾಗ ಬಸ್ಸಿನಲ್ಲಿ ಹೇಳಿದ, ಎಲ್ಲರಿಗೂ ಕೇಳುವ ಹಾಗೆ ಕೂಗಿ. ನಾನು ಅಲ್ಲೇ ಅತ್ತೆ.

ಈ ಕಾಗದ ಸಿಕ್ಕಿದ ಕೂಡಲೇ ಅವಳನ್ನು ಕೂರಿಸಿಕೋ. ಟಿವಿ ಆರಿಸು. ಅಪೆಂಡಿಕ್ಸ್ ಅಲ್ಲ ಎಂಬಲ್ಲಿಂದ ಶುರುಮಾಡು. ಅಳಲಿ, ಬೈಯಲಿ. ಪರೀಕ್ಷೆ ಮಾಡಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು, ವಯಸ್ಸಿಗೆ ಬಂದ ಹುಡುಗಿ. ಬಡಿಸುವುದು ಆಮೇಲೆ. ಎಷ್ಟೇ ಹಸಿದಿರಲಿ, ಹೇಳದೆ ಮಾತ್ರ ಬಡಿಸಬೇಡ.

ಶೇಷಮ್ಮ